ರೀಡ್ ನಂಬರ್ ಹೆಚ್ಚಿದ್ದರೆ ಕ್ಲಾರಿನೆಟ್ ಚೆನ್ನಾಗಿ ನುಡಿಯುತ್ತದೆಯೇ?

2ರಿಂದ 3ಕ್ಕೆ, 3ರಿಂದ 4ಕ್ಕೆ ಏರಿದರೆ ಕ್ಲಾರಿನೆಟ್ ವಾದಕ ಪಳಗಿದ ಎಂಬ ನಂಬಿಕೆ ಹಲವರಲ್ಲಿದೆ. ಇದು ನಿಜವಲ್ಲ.

ಬಿದಿರಿನಂತೆ ಕಾಣುವ ಅರುಂಡೋ ಡೊನಾಕ್ಸ್ ಎಂಬ ಹುಲ್ಲಿನ ದಂಟಿನಿಂದ ಕೆತ್ತಿದ ತೆಳು ಪಟ್ಟಿಯೇ ರೀಡ್. ಒಂದು ಮಾದರಿಯ ರೀಡ್‌ಗಳನ್ನೆಲ್ಲ ಒಂದೇ ಅಳತೆಗೆ ಕೆತ್ತಿ, ಎಷ್ಟು ಬಾಗುತ್ತವೆ ಎಂದು ನೋಡಿ ನಂಬರ್ ಕೊಡುತ್ತಾರೆ. ಅಂದರೆ ಅದು ಬಿರುಸಿನ ಲೆಕ್ಕ, ಗುಣಮಟ್ಟದ್ದಲ್ಲ. ಒಂದು ಕಂಪನಿಯ 3 ಇನ್ನೊಂದರ 2.5ರಷ್ಟೇ ಬಿರುಸಾಗಿರಬಹುದು.

ಪುಟ್ಟ ಇ-ಫ್ಲಾಟ್ ಕ್ಲಾರಿನೆಟ್‌ನಲ್ಲಿ ಆಯ್ಕೆ ಇನ್ನೂ ಸೂಕ್ಷ್ಮ. ಸಾಮಾನ್ಯ ಬಿ-ಫ್ಲಾಟ್ ವಾದ್ಯದಲ್ಲಿ ‘ಸ’ ನುಡಿಸುವ ಬೆರಳುಗಳಿಗೆ ಇಲ್ಲಿ ‘ಮ’ ಕೇಳುತ್ತದೆ, ಅಷ್ಟು ಎತ್ತರದ ಶ್ರುತಿ. ರೀಡ್ ತೀರಾ ಮೆತ್ತಗಿದ್ದರೆ ಮೇಲಿನ ಸ್ವರಗಳು ಇಳಿಯುತ್ತವೆ. ತೀರಾ ಬಿರುಸಾದರೆ ಬರೀ ಗಾಳಿಯ ಸದ್ದು. ಕಚ್ಚಿ ಹಿಡಿದು ತುಟಿ ನೋವು. ಮಕ್ಕಳು ‘ನಂಗೆ ಬರಲ್ಲ’ ಅಂತ ಬಿಟ್ಟುಬಿಡಲು ಇಷ್ಟು ಸಾಕು, ತಪ್ಪು ಮಾತ್ರ ಮಗುವಿನದಲ್ಲ.

ಮೌತ್‌ಪೀಸ್ ತುದಿಯ ಸಂದು ಅಗಲವಿದ್ದರೆ ಮೆತ್ತನೆಯ ರೀಡ್, ಕಿರಿದಿದ್ದರೆ ಸ್ವಲ್ಪ ಗಡಸಿನದು ಹೊಂದುತ್ತದೆ. ಹೊಸಬರಿಗೆ ಸಾಮಾನ್ಯವಾಗಿ 2 ಅಥವಾ 2.5 ಸಾಕು. ಪೆಟ್ಟಿಗೆಯ ಮೇಲೆ ‘ಇ-ಫ್ಲಾಟ್’ ಎಂದಿದೆಯೇ ನೋಡಿ. ಬಿ-ಫ್ಲಾಟ್ ರೀಡ್ ಅಗಲ, ಉದ್ದ ಎರಡರಲ್ಲೂ ದೊಡ್ಡದು. ನಂಬರ್ ಹೊಂದಿತೆಂದು ಅಣ್ಣ ಊದಿದ ಎಂಜಲು ರೀಡನ್ನು ತಂಗಿಗೆ ಕೊಡಬೇಡಿ.