ಸರ್ವರ್ ಹಂಚಿಕೊಂಡರೆ ಗುಟ್ಟನ್ನೂ ಹಂಚಿಕೊಳ್ಳಬೇಕೇ?

ಕಳೆದ ಸೆಮಿಸ್ಟರ್‌ನಲ್ಲಿ ಗೆಳೆಯನೊಬ್ಬ ಲ್ಯಾಬಿನಲ್ಲಿ ಪಕ್ಕಕ್ಕೆ ಬಂದು ಕುಳಿತು, ನಮ್ಮ ಕ್ಲಾಸಿನ ಹುಡುಗಿಯೊಬ್ಬಳಿಗೆ ಎಷ್ಟು ಬ್ಯಾಕ್‌ಲಾಗ್ ಇವೆ ಎಂದು ಹೇಳಿದ. ‘ನಿಂಗೆ ಹೇಗೆ ಗೊತ್ತಾಯ್ತು?’ ಎಂದೆ. ‘ನಿಮ್ಮ ಸೈಟೇ ಹೇಳ್ತಲ್ಲೋ’ ಎಂದು ನಕ್ಕ. ನನಗೆ ನಗು ಬರಲಿಲ್ಲ.

ಆ ಸೈಟ್ ನಮ್ಮ ತಂಡದ ಮಿನಿ ಪ್ರಾಜೆಕ್ಟ್. ಪ್ಲೇಸ್‌ಮೆಂಟ್‌ಗೆ ನೋಂದಾಯಿಸಿಕೊಂಡವರ ಅಂಕ, ಬ್ಯಾಕ್‌ಲಾಗ್, ಫೋನ್ ನಂಬರ್ ಎಲ್ಲವೂ ಅದರಲ್ಲಿದ್ದವು. ವಿಭಾಗದ ಒಂದೇ ಲಿನಕ್ಸ್ ಸರ್ವರ್‌ನಲ್ಲಿ ಆರು ತಂಡಗಳಿಗೆ ಆರು ಲಾಗಿನ್. ಪೇಜ್ ಬೇಗ ತೆರೆದುಕೊಳ್ಳಲಿ ಎಂದು ನಾವು ಮೆಮ್‌ಕ್ಯಾಶ್‌ಡಿ ಹಾಕಿದ್ದೆವು. ಪದೇ ಪದೇ ಬೇಕಾಗುವ ಮಾಹಿತಿಯನ್ನು ಪ್ರತಿ ಸಲ ಡೇಟಾಬೇಸ್‌ನಿಂದ ತರುವ ಬದಲು ರ‍್ಯಾಮ್‌ನಲ್ಲೇ ಇಟ್ಟು ಕೊಡುವ ತಂತ್ರಾಂಶವಿದು. 2003ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಲೈವ್‌ಜರ್ನಲ್‌ಗಾಗಿ ಬರೆದದ್ದು. ವೇಗವೇ ಅದರ ಗುರಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಪಾಸ್‌ವರ್ಡ್ ಕೇಳುವುದೇ ಇಲ್ಲ.

ಹಾಗೆಂದು ನಾವು ಪೂರ್ತಿ ಮೈಮರೆತಿರಲಿಲ್ಲ. ಇಂಟರ್ನೆಟ್‌ಗೆ ತೆರೆದಿಟ್ಟ ಮೆಮ್‌ಕ್ಯಾಶ್‌ಡಿ ಸರ್ವರ್‌ಗಳನ್ನೇ ಬಳಸಿ 2018ರ ಫೆಬ್ರುವರಿಯಲ್ಲಿ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್‌ನ ದಾಳಿ ನಡೆದದ್ದನ್ನು ಓದಿದ್ದೆವು. ಆಮೇಲೆ ಬಂದ 1.5.6 ಆವೃತ್ತಿಯಲ್ಲಿ, ದಾಳಿಗೆ ದಾರಿಯಾಗಿದ್ದ ಯುಡಿಪಿಯನ್ನು ಮೊದಲೇ ಬಂದ್ ಮಾಡಿ ಕೊಟ್ಟರು. ನಾವೂ 127.0.0.1 ವಿಳಾಸಕ್ಕೆ ಮಾತ್ರ ಉತ್ತರಿಸುವಂತೆ ಮಾಡಿ, 11211 ಪೋರ್ಟನ್ನು ಫೈರ್‌ವಾಲ್‌ನಲ್ಲಿ ಮುಚ್ಚಿಸಿ, ಇನ್ನು ಸೇಫ್ ಎಂದುಕೊಂಡೆವು.

ಎಡವಿದ್ದು ಅಲ್ಲೇ. 127.0.0.1 ಎಂದರೆ ‘ಈ ಯಂತ್ರದ ಒಳಗಿನವರು’ ಎಂದಷ್ಟೇ ಅರ್ಥ, ‘ನಾವು ಮಾತ್ರ’ ಎಂದಲ್ಲ. ಉಳಿದ ಐದು ತಂಡಗಳೂ ಒಳಗಿನವರೇ! ಗೆಳೆಯ ತನ್ನ ಲಾಗಿನ್‌ನಿಂದಲೇ ಟೆಲ್‌ನೆಟ್ ಮಾಡಿ, ಕೀಗಳ ಪಟ್ಟಿ ತೆಗೆದು, ಒಂದೊಂದಾಗಿ ಓದಿದ್ದ. ಮನಸ್ಸು ಮಾಡಿದ್ದರೆ ಒಂದೇ ಕಮಾಂಡ್‌ನಲ್ಲಿ ಎಲ್ಲವನ್ನೂ ಖಾಲಿ ಮಾಡಬಹುದಿತ್ತು. ಹಾಸ್ಟೆಲ್ ಗೇಟಿಗೆ ಬೀಗ ಜಡಿದು ರೂಮಿನ ಬಾಗಿಲು ತೆರೆದಿಟ್ಟ ಹಾಗಾಗಿತ್ತು ನಮ್ಮ ಭದ್ರತೆ.

ಸರಿಪಡಿಸಲು ಹಿಡಿದದ್ದು ಅರ್ಧ ಗಂಟೆ. ಪೋರ್ಟ್ ಬಿಟ್ಟು ಯುನಿಕ್ಸ್ ಸಾಕೆಟ್‌ಗೆ ಬದಲಿಸಿದೆವು. ಅದು ಡಿಸ್ಕ್‌ನಲ್ಲಿ ಫೈಲಿನಂತೆ ಕಾಣುತ್ತದೆ. 0700 ಪರ್ಮಿಷನ್ ಕೊಟ್ಟರೆ ನಮ್ಮ ಅಕೌಂಟ್ ಮತ್ತು ರೂಟ್ ಬಿಟ್ಟು ಬೇರೆಯವರು ಮುಟ್ಟಲಾಗದು. ಪ್ರತಿ ತಂಡವೂ ತನ್ನ ಅಕೌಂಟ್‌ನಲ್ಲಿ ತನ್ನದೇ ಮೆಮ್‌ಕ್ಯಾಶ್‌ಡಿ ನಡೆಸಿದರೆ ಸಾಕು. ಅಂಕ, ಫೋನ್ ನಂಬರ್‌ಗಳನ್ನು ಅಲ್ಲಿ ಇಡುವುದನ್ನೂ ನಿಲ್ಲಿಸಿದೆವು.

ಈ ಅರ್ಧ ಗಂಟೆಯ ಕೆಲಸವನ್ನು ನಮ್ಮಿಂದ ಯಾರೂ ಕೇಳಿರಲಿಲ್ಲ. ವೈವಾದಲ್ಲಿ ‘ಕ್ಯಾಶ್ ಹಿಟ್ ಎಂದರೇನು?’ ಎಂದು ಕೇಳಿದರು. ‘ಇದನ್ನು ಇನ್ಯಾರು ಓದಬಹುದು?’ ಎಂದು ಕೇಳಲಿಲ್ಲ. ಪ್ರಾಜೆಕ್ಟ್ ಅಂಕಗಳಲ್ಲಿ ಐದಾದರೂ ಈ ಪ್ರಶ್ನೆಗೆ ಮೀಸಲಾಗಲಿ. ಡೆಮೊಗೆ ಮುಂಚೆ ಒಂದು ದಿನ ಪಕ್ಕದ ತಂಡಕ್ಕೆ ‘ಇದರೊಳಗೆ ನುಗ್ಗಿ ನೋಡಿ’ ಎಂದು ಕೊಡಲಿ. ನಾಳೆ ಕೆಲಸಕ್ಕೆ ಸೇರಿದಾಗ ನಮ್ಮ ಕೈಗೆ ಬರುವುದು ಕ್ಲಾಸಿನ ಅರವತ್ತು ಜನರ ಮಾಹಿತಿಯಷ್ಟೇ ಅಲ್ಲ.

ಗೆಳೆಯನಿಗೆ ಬೈದೆ, ನಿಜ. ಆದರೆ ಬಾಗಿಲು ತೆರೆದಿಟ್ಟವನು ನಾನು. ಆ ಹುಡುಗಿಗೆ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ‘ನಾನು ಫಾರ್ಮ್ ತುಂಬಿದ್ದು ಕಂಪನಿಯವರಿಗೆ ತೋರಿಸೋಕೆ, ಕ್ಲಾಸಿಗಲ್ಲ’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.