ನೊಂದ ಮಗುವಿಗೆ ಅದರ ಮಾತಿನಲ್ಲೇ ಸಾಂತ್ವನ ಸಿಗಲಿ

ಕೊನೆಯ ಬೆಂಚಿನಲ್ಲಿ ದಿನವಿಡೀ ಮಾತಿಲ್ಲದೆ ಕುಳಿತಿರುವ ಹುಡುಗ, ಬೆಳಗ್ಗೆ ಶಾಲೆಗೆ ಹೊರಡುವಾಗಲೆಲ್ಲ ಹೊಟ್ಟೆನೋವೆಂದು ಅಳುವ ಹುಡುಗಿ, ಚೆನ್ನಾಗಿ ಕಲಿಯುತ್ತಿದ್ದು ಒಮ್ಮೆಲೇ ಹಿಂದೆ ಬಿದ್ದ ವಿದ್ಯಾರ್ಥಿ: ಇಂಥವರನ್ನು ಕಾಣದ ಅಧ್ಯಾಪಕರಿಲ್ಲ. ಸೋಮಾರಿಗಳೆಂದು ಗದರಿಸಿ ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ. ಕುಡಿದು ಬರುವ ತಂದೆಯ ಹೊಡೆತ, ಹೆತ್ತವರ ಅಕಾಲ ಮರಣ, ನಂಬಿದ ಹಿರಿಯರಿಂದಲೇ ಆದ ದೌರ್ಜನ್ಯ ಇವುಗಳಲ್ಲಿ ಯಾವುದೋ ಒಂದು ಆ ಮಗುವಿನ ಎದೆಯಲ್ಲಿ ಕುಳಿತಿರಬಹುದು ಎಂಬ ಯೋಚನೆ ನಮಗೆ ಬರುವುದಿಲ್ಲ. ಬಾಲ್ಯದಲ್ಲಿ ಆದ ಇಂಥ ಗಾಯ ತಾನಾಗಿ ಮಾಯುತ್ತದೆಂದು ಹೇಳುವಂತಿಲ್ಲ. ಕಾಲೇಜಿಗೋ ಕೆಲಸಕ್ಕೋ ಹೋಗುವ ವಯಸ್ಸಿನಲ್ಲಿ ಅದು ನಿದ್ದೆಗೇಡಾಗಿ, ಸಿಟ್ಟಾಗಿ, ದುಶ್ಚಟವಾಗಿ ತಲೆಯೆತ್ತುವುದುಂಟು.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಹಣ ಖರ್ಚು ಮಾಡಬೇಕಾಗಿಯೂ ಇಲ್ಲ. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ದೂರವಾಣಿ ಸಂಖ್ಯೆ ಹಗಲಿರುಳು ತೆರೆದಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ವಯಸ್ಸಿನವರೂ ಉಚಿತವಾಗಿ ಕರೆ ಮಾಡಬಹುದು. ಈ ಸೇವೆಯ ಭಾಷೆಗಳಲ್ಲಿ ಕನ್ನಡವೂ ಒಂದು. ಕೇರಳದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಯೋಜನೆಯಂತೆ ಹಲವು ಸರಕಾರಿ ಶಾಲೆಗಳಲ್ಲಿ ಆಪ್ತಸಮಾಲೋಚಕರಿದ್ದಾರೆ. ಇವೆಲ್ಲ ಸ್ವಾಗತಾರ್ಹವೇ.

ಆದರೆ ನಮ್ಮ ಗಡಿನಾಡಿನ ತೊಡಕು ಬೇರೆ. ಇಲ್ಲಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಡೆದ ಸಂಗತಿ ಇದು. ಏಳನೆಯ ತರಗತಿಯ ಹುಡುಗಿಯೊಬ್ಬಳೊಡನೆ ಮಾತನಾಡಲು ಸಮಾಲೋಚಕಿಯೊಬ್ಬರು ಬಂದರು. ಒಳ್ಳೆಯ ಮನಸ್ಸಿನವರು, ಆದರೆ ಮಲಯಾಳವಲ್ಲದೆ ಬೇರೆ ಅರಿಯರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಗು ಎಲ್ಲ ಪ್ರಶ್ನೆಗೂ "ಇಲ್ಲ" ಎಂದಿತು. ಅನುವಾದಕ್ಕೆಂದು ಊರಿನ ಅಧ್ಯಾಪಕರನ್ನೇ ಕೂರಿಸಿದಾಗ ಆ ಒಂದು ಮಾತೂ ನಿಂತಿತು. ಅಪ್ಪನ ಗುರುತಿನವರೆದುರು ಯಾವ ಮಗು ತಾನೇ ಅಪ್ಪನ ವಿಷಯ ಹೇಳೀತು? ಪೇಟೆಯಲ್ಲಿ ಸಾಮಾನು ಕೊಳ್ಳಲು ಕಲಿತ ಭಾಷೆ ಬೇರೆ, ಅಳುವ ಭಾಷೆ ಬೇರೆ.

ಕಾನೂನು ಈ ಸತ್ಯವನ್ನು ಅರಿತಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯಿದೆಯ 19ನೇ ಕಲಮಿನಂತೆ, ಮಗುವಿಗೆ ತಿಳಿಯದ ಭಾಷೆಯಲ್ಲಿ ದೂರು ದಾಖಲಾಗುತ್ತಿದ್ದರೆ ಅರ್ಹ ಅನುವಾದಕರನ್ನು ಒದಗಿಸಲೇಬೇಕು. ದೂರು ಬರೆದುಕೊಳ್ಳಲು ಬೇಕಾದ ಭಾಷೆ, ನೊಂದ ಮನಸ್ಸಿಗೆ ಸಮಾಧಾನ ಹೇಳಲು ಬೇಡವೇ?

ಆದುದರಿಂದ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಸಮಾಲೋಚಕರನ್ನೇ ನೇಮಿಸಬೇಕು. ತುಳು ಬಲ್ಲವರಾದರೆ ಇನ್ನೂ ಒಳ್ಳೆಯದು. ಸಹಾಯವಾಣಿಯ ಸಂಖ್ಯೆಗಳನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಇದು ಭಾಷಾಭಿಮಾನದ ಬೇಡಿಕೆಯಷ್ಟೇ ಅಲ್ಲ, ಮಕ್ಕಳ ಜೀವದ ಪ್ರಶ್ನೆ. ನಮ್ಮ ಶಿಕ್ಷಕರ ಸಂಘಗಳೂ ರಕ್ಷಕ-ಶಿಕ್ಷಕ ಸಂಘಗಳೂ ಜಿಲ್ಲಾಡಳಿತಕ್ಕೆ ಕನ್ನಡದಲ್ಲೇ ಮನವಿ ಸಲ್ಲಿಸಲಿ. ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನಮಗೆ ಕೊಟ್ಟಿದೆ.

ಹೆತ್ತವರಿಗೂ ಒಂದು ಮಾತು. ಮನೆತನದ ಮರ್ಯಾದೆ ಹೋದೀತೆಂದು ಮಗುವಿನ ಬಾಯಿ ಮುಚ್ಚಿಸಬೇಡಿ. ಲೈಂಗಿಕ ದೌರ್ಜನ್ಯ ನಡೆದುದು ತಿಳಿದೂ ದೂರು ಕೊಡದಿರುವುದು ದೊಡ್ಡವರ ಪಾಲಿಗೆ ಶಿಕ್ಷಾರ್ಹ ಅಪರಾಧ. ಮಗುವಿನ ಹೆಸರು, ವಿಳಾಸ ಪತ್ರಿಕೆಗಳಲ್ಲಿ ಬಾರದಂತೆ ಅದೇ ಕಾನೂನು ಕಾಪಾಡುತ್ತದೆ. ಆಪ್ತಸಮಾಲೋಚನೆಗೆ ಹೋದವರೆಲ್ಲ ಹುಚ್ಚರಲ್ಲ; ಜ್ವರ ಬಂದಾಗ ವೈದ್ಯರ ಬಳಿಗೆ ಹೋದಂತೆ ಇದೂ ಒಂದು.

ಮಗು ಬಾಯಿ ತೆರೆದಾಗ ಮೊದಲು ನಂಬಬೇಕಾದವರು ನಾವು. ಅದರ ಮಾತು ತಿಳಿಯುವವರನ್ನು ಹತ್ತಿರ ತಂದು ನಿಲ್ಲಿಸಬೇಕಾದುದು ಸರಕಾರ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?