ಗೇರ್ ತಾನೇ ಬದಲಾಗುತ್ತದೆ, ಬಿಸಿ ತಾನೇ ಇಳಿಯುವುದಿಲ್ಲ

ತಾಳವಾಡಿ ಭಾಗದ ಜನ ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. ಒಂದು ವಾಹನ ತಿರುವಿನಲ್ಲಿ ಕೆಟ್ಟು ನಿಂತರೆ ಮೇಲೂ ಕೆಳಗೂ ಸಾಲು ಬೆಳೆಯುತ್ತದೆ. ಆ ಸಾಲಿನಲ್ಲಿ ಆಂಬುಲೆನ್ಸೂ ಇರಬಹುದು. ಇಂಥ ತೊಂದರೆಗೆ ಭಾರದ ಲಾರಿಗಳನ್ನು ದೂರುವುದು ರೂಢಿ. ಆದರೆ ವೀಕೆಂಡಿಗೆ ಬರುವ ಶಕ್ತಿಶಾಲಿ ಆಟೊಮ್ಯಾಟಿಕ್ ಕಾರುಗಳ ಬಗ್ಗೆಯೂ ಯೋಚಿಸುವ ಕಾಲ ಬಂದಿದೆ.

'ಇದಕ್ಕೆ ಕ್ಲಚ್ ಇಲ್ಲ, ಗೇರ್ ಹಾಕೋದಿಲ್ಲ, ಸುಮ್ನೆ ಕೂತ್ರೆ ಹೋಗ್ತದೆ' ಎಂಬ ಮಾತು ಬಯಲು ರಸ್ತೆಗೆ ಸರಿ, ಘಟ್ಟಕ್ಕೆ ಅಲ್ಲ. ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ತಲುಪುವುದು ಎಣ್ಣೆಯ ಮೂಲಕ. ವೇಗ ಬಂದ ಮೇಲೆ ಒಳಗಿನ ಲಾಕ್‌ಅಪ್ ಕ್ಲಚ್ ಕಚ್ಚಿಕೊಳ್ಳುತ್ತದೆ, ಜಾರಿಕೆ ನಿಲ್ಲುತ್ತದೆ. ಲಾರಿಯ ಹಿಂದೆ ತೆವಳುತ್ತಾ ಏರುವಾಗ ಅದು ಕಚ್ಚುವುದೇ ಅಪರೂಪ. ಜಾರಿಕೆಯಲ್ಲಿ ಕಳೆದುಹೋದ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಜಾರುವಾಗ ಎಂಜಿನ್ನಿನಿಂದ ಹೆಚ್ಚು ಬಲ ಎಳೆದಷ್ಟೂ ಈ ಬಿಸಿಯೂ ಜಾಸ್ತಿ.

ಗೇರ್‌ಬಾಕ್ಸ್ ಎಣ್ಣೆ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರಾಮಾಗಿರುತ್ತದೆ. 120 ದಾಟಿದರೆ ಬೇಗ ಕೆಡತೊಡಗುತ್ತದೆ. ಅದರ ಮೇಲೆ ಪ್ರತಿ ಹತ್ತು ಡಿಗ್ರಿಗೆ ಎಣ್ಣೆಯ ಆಯಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕ. ಎಣ್ಣೆ ಸುಟ್ಟ ವಾಸನೆ ಬರುವ ಹೊತ್ತಿಗೆ ಒಳಗಿನ ಕ್ಲಚ್ ತಟ್ಟೆಗಳಿಗೂ ಪೆಟ್ಟು ಬಿದ್ದಿರುತ್ತದೆ. ಒಣ ಕ್ಲಚ್‌ನ ಡಬಲ್ ಕ್ಲಚ್ ಕಾರುಗಳು, ಎಎಂಟಿ ಕಾರುಗಳು ಏರಿನಲ್ಲಿ ತೆವಳಿದರೆ ಹಾಫ್ ಕ್ಲಚ್‌ನಲ್ಲಿ ಓಡಿಸಿದಂತೆಯೇ.

ಚಾಲಕ ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಬಣ್ಣಾರಿ ದಾಟುವ ಮೊದಲೇ ಮ್ಯಾನುಯಲ್ ಮೋಡಿಗೆ ಹಾಕಿ, ಒಂದು ಅಥವಾ ಎರಡನೇ ಗೇರ್ ಹಿಡಿಯಬೇಕು. ಮುಂದಿನ ಲಾರಿಗೆ ಅಂಟಿಕೊಳ್ಳದೆ, ಜಾಗ ಬಿಟ್ಟು ಒಂದೇ ಸಮನೆ ಏರಬೇಕು. ತಿರುವಿನಿಂದ ತಿರುವಿಗೆ ಜೋರಾಗಿ ಎಳೆದು, ಬ್ರೇಕ್ ಒತ್ತಿ ಶಕ್ತಿ ತೋರಿಸುವುದು ಗೇರ್‌ಬಾಕ್ಸನ್ನು ಬೇಯಿಸಿದಂತೆ. ಏರಿನಲ್ಲಿ ನಿಂತಾಗ ಗಾಡಿಯನ್ನು ಆಕ್ಸಿಲರೇಟರಿನಿಂದ ಹಿಡಿಯಬಾರದು, ಬ್ರೇಕಿನಿಂದ ಹಿಡಿಯಬೇಕು. ಇಳಿಯುವಾಗಲೂ ಕೆಳ ಗೇರ್ ಬೇಕು, ನ್ಯೂಟ್ರಲ್ ಅಂತೂ ಕೂಡದು.

ಎಚ್ಚರಿಕೆ ದೀಪ ಬಂದರೆ ಮೊದಲು ಎ.ಸಿ. ಬಂದ್ ಮಾಡಿ, ಅಗಲವಾದ ಜಾಗದಲ್ಲಿ ನಿಲ್ಲಿಸಿ, 'ಪಿ'ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಬೇಕು. ಟಾರ್ಕ್ ಕನ್ವರ್ಟರ್ ಕಾರಾದರೆ ಎಂಜಿನ್ ಓಡುತ್ತಲೇ ಇರಲಿ. ಆಗ ಎಣ್ಣೆ ಕೂಲರಿನಲ್ಲಿ ಹರಿದು ತಣಿಯುತ್ತದೆ. ಆದರೆ ಇದು ಸತ್ಯಮಂಗಲ ಹುಲಿ ಮೀಸಲು ಪ್ರದೇಶ. ಆನೆ, ಚಿರತೆ ಓಡಾಡುವ ಜಾಗದಲ್ಲಿ ಕೆಳಗಿಳಿದು ಬಾನೆಟ್ ಎತ್ತುವುದು ಜಾಣತನವಲ್ಲ. ಹಾಗಾಗಿ ಬಿಸಿ ಏರದಂತೆ ನೋಡಿಕೊಳ್ಳುವುದೇ ಇಲ್ಲಿ ನಿಜವಾದ ಉಪಾಯ.

ಹೊಣೆ ಚಾಲಕನೊಬ್ಬನದೇ ಅಲ್ಲ. ಗೇರ್‌ಬಾಕ್ಸ್ ಎಣ್ಣೆ 'ಜೀವನಪೂರ್ತಿ' ಬರುತ್ತದೆ ಎಂದು ಹೇಳಿ ಮಾರುವುದುಂಟು. ಬೆಟ್ಟದ ದಾರಿಯನ್ನು ಕಠಿಣ ಬಳಕೆಯೆಂದು ಪರಿಗಣಿಸಿ ಬೇಗ ಎಣ್ಣೆ ಬದಲಿಸಿ ಎಂದು ಹಲವು ಕಾರುಗಳ ಕೈಪಿಡಿಗಳೇ ಹೇಳುತ್ತವೆ. ಶೋರೂಮಿನಲ್ಲಿ ಅದನ್ನೂ ಹೇಳಬೇಕಲ್ಲವೇ? ಹತ್ತಾರು ಲಕ್ಷ ಬೆಲೆಯ ಕಾರಿನ ಪರದೆಯಲ್ಲಿ ಹಾಡಿನ ಪಟ್ಟಿ ಕಾಣುತ್ತದೆ. ಗೇರ್‌ಬಾಕ್ಸಿನ ಬಿಸಿ ಎಷ್ಟೆಂದು ತೋರಿಸಲು ಒಂದಿಷ್ಟು ಜಾಗ ಕೊಟ್ಟರೆ ನಷ್ಟವೇನು?

ಹೆದ್ದಾರಿ ಇಲಾಖೆಯೂ ಒಂದು ಕೆಲಸ ಮಾಡಬಹುದು. ಬಣ್ಣಾರಿ ಚೆಕ್‌ಪೋಸ್ಟ್‌ನಲ್ಲೂ ದಿಂಬಂ ತುದಿಯಲ್ಲೂ 'ಆಟೊಮ್ಯಾಟಿಕ್ ಕಾರುಗಳು ಕೆಳ ಗೇರ್ ಬಳಸಿ' ಎಂಬ ಫಲಕವನ್ನು ತಮಿಳಿನ ಜೊತೆಗೆ ಕನ್ನಡದಲ್ಲೂ ಹಾಕಲಿ. ಮೈಸೂರು, ಚಾಮರಾಜನಗರದ ಕಡೆಯಿಂದ ಬರುವವರಿಗೂ ತಾಳವಾಡಿಯವರಿಗೂ ಅದು ಓದಲು ಬರುತ್ತದೆ. ಇದಕ್ಕೆ ಕೋಟಿಗಟ್ಟಲೆ ಖರ್ಚಿಲ್ಲ. ಪ್ರವಾಸಿಗನಿಗೆ ಕಾರು ಕೆಟ್ಟರೆ ಒಂದು ರಜೆ ಹಾಳು. ಹಿಂದೆ ಸಿಕ್ಕಿಕೊಂಡ ಗಡಿ ಊರಿನ ರೋಗಿಗೆ ಆ ಒಂದು ಗಂಟೆಯೇ ಪ್ರಾಣದ ಬೆಲೆಯಾಗಬಹುದು.